ಮೂರು ದಿನ, ಆರು ವಾರ, ಆರು ತಿಂಗಳು: ಕೂದಲು ಕಸಿಗೆ ನಾನು ಓಡಾಡಿದ ಮೂರು ಕ್ಲಿನಿಕ್

ಹೇರ್ ಟ್ರಾನ್ಸ್‌ಪ್ಲಾಂಟ್ ಮಾಡಿಸಿಕೊಂಡು ಹದಿಮೂರು ತಿಂಗಳಾಯಿತು. ನೋಡಿದವರೆಲ್ಲ ಕೇಳುವುದು ಎರಡೇ ಮಾತು. ಎಷ್ಟು ಖರ್ಚಾಯಿತು? ಎಷ್ಟು ದಿನಕ್ಕೆ ಡೇಟ್ ಸಿಕ್ಕಿತು? ಆರು ತಿಂಗಳು ಕಾದೆ ಎಂದರೆ ತಕ್ಷಣ, ಅಯ್ಯೋ ಅಷ್ಟು ದಿನ ಯಾರು ಕಾಯ್ತಾರೆ, ಬೇಗ ಮಾಡುವ ಕಡೆ ಹೇಳಿ ಅಂತಾರೆ. ಒಬ್ಬೊಬ್ಬರಿಗೂ ಬಿಡಿಸಿ ಹೇಳುವ ಬದಲು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ನಾನು ಮೂರು ಕ್ಲಿನಿಕ್‌ಗೆ ಹೋಗಿದ್ದೆ. ಒಂದು ಮೂರು ದಿನಕ್ಕೆ ಡೇಟ್ ಕೊಟ್ಟಿತು, ಇನ್ನೊಂದು ಆರು ವಾರ ಅಂತ ಹೇಳಿ ಎಳೆಯುತ್ತಾ ಹೋಯಿತು, ಮೂರನೆಯದು ಆರು ತಿಂಗಳು ಕಾಯಿಸಿತು. ಮಾಡಿಸಿಕೊಂಡಿದ್ದು ಮೂರನೆಯದರಲ್ಲಿ, ನಮ್ಮ ಬಳ್ಳಾರಿಯಲ್ಲೇ. ಹಾಗಂತ ಜಾಸ್ತಿ ಕಾಯಿಸುವವರೆಲ್ಲ ಒಳ್ಳೆಯವರು ಅಂತ ತಿಳಿಯಬೇಡಿ, ಎರಡನೆಯವರೂ ಕಾಯಿಸಿದ್ದರು. ಯಾಕೆ ಕಾಯಬೇಕು ಅಂತ ಕೇಳಿ, ಬರುವ ಉತ್ತರ ನೋಡಿ ಕ್ಲಿನಿಕ್ ಆರಿಸಿ. ನನಗೆ ಇದು ತಿಳಿಯುವ ಹೊತ್ತಿಗೆ ಇಪ್ಪತ್ತು ಸಾವಿರ ಅಡ್ವಾನ್ಸ್ ಸಿಕ್ಕಿಹಾಕಿಕೊಂಡಿತ್ತು.

ಕ್ಲಿನಿಕ್‌ಗಳ ಹೆಸರು ಹಾಕಿಲ್ಲ. ಒಂದರ ಹೆಸರು ಹೇಳಿದರೆ ಉಳಿದ ಎರಡನ್ನೂ ಹೇಳಬೇಕಾಗುತ್ತದೆ, ಆ ಜಗಳ ನನಗೆ ಬೇಡ. ನೀವು ಯಾವ ಊರಲ್ಲಿ ಮಾಡಿಸಿದರೂ ಈ ಮಾತು ಅಲ್ಲಿಗೂ ಹೊಂದುತ್ತದೆ.

ನನ್ನ ಬಗ್ಗೆ ಎರಡು ಮಾತು. ಬಳ್ಳಾರಿಯಲ್ಲಿ ನಮ್ಮದೊಂದು ಸಣ್ಣ ಜೀನ್ಸ್ ಯೂನಿಟ್ ಇದೆ, ಎಂಟು ಮೆಷಿನ್. ವಯಸ್ಸು 34. ಇಪ್ಪತ್ತಾರಕ್ಕೇ ಹಣೆಯ ಎರಡೂ ಮೂಲೆ ಖಾಲಿಯಾಗಲು ಶುರುವಾಗಿತ್ತು. ಅಪ್ಪನಿಗೂ ಹೀಗೇ, ಚಿಕ್ಕಪ್ಪನಿಗೂ ಹೀಗೇ. ಬೋರಿನ ನೀರು, ಧೂಳು, ಬಿಸಿಲು ಅಂತ ಏನೇನೋ ಕಾರಣ ಹೇಳಿಕೊಂಡು ಎಣ್ಣೆ ಬದಲಿಸುತ್ತಾ ಐದಾರು ವರ್ಷ ಕಳೆದೆ. ಅದು ಮನೆತನದಿಂದ ಬಂದದ್ದು, ಎಣ್ಣೆಗೆ ಬಗ್ಗುವುದಿಲ್ಲ ಅಂತ ಮೊದಲ ದಿನವೇ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು.

ಮೊದಲು ಹೋಗಿದ್ದು ಬೆಂಗಳೂರಿಗೆ, 2023ರ ಫೆಬ್ರವರಿಯಲ್ಲಿ. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಅಲ್ಲಿ. ದೊಡ್ಡ ಕ್ಲಿನಿಕ್, ಊರೂರಿಗೂ ಬ್ರಾಂಚ್. ಒಳಗೆ ಹೋದ ಐದು ನಿಮಿಷಕ್ಕೆ ಕೌನ್ಸೆಲರ್ ಅಂತ ಒಬ್ಬ ಹುಡುಗಿ ಬಂದು ಕೂತಳು. ತಲೆಯ ಫೋಟೋ ತೆಗೆದಳು. 3,500 ಗ್ರಾಫ್ಟ್ (ಹಿಂದಲೆಯಿಂದ ತೆಗೆದು ಮುಂದೆ ನೆಡುವ ಕೂದಲ ಬೇರು) ಬೇಕು ಸರ್, ಇವತ್ತು ಬುಕ್ ಮಾಡಿದರೆ ಆಫರ್‌ನಲ್ಲಿ 75,000ಕ್ಕೆ ಆಗುತ್ತದೆ, ಶುಕ್ರವಾರ ಸ್ಲಾಟ್ ಖಾಲಿ ಇದೆ ಅಂದಳು. ಅವತ್ತು ಮಂಗಳವಾರ. ಡಾಕ್ಟರ್ ಎಲ್ಲಿ ಅಂತ ಕೇಳಿದೆ. ಆಪರೇಷನ್ ದಿನ ಸಿಗುತ್ತಾರೆ ಸರ್ ಅಂದಳು. ನನ್ನ ತಲೆಯನ್ನು ಒಬ್ಬ ಡಾಕ್ಟರೂ ಮುಟ್ಟಿ ನೋಡಿರಲಿಲ್ಲ, ಆಗಲೇ ಗ್ರಾಫ್ಟ್ ಲೆಕ್ಕ, ರೇಟು, ತಾರೀಖು ಮೂರೂ ಸಿದ್ಧವಾಗಿದ್ದವು. ಬಿಪಿ, ಶುಗರ್ ಇದೆಯಾ ಅಂತಲೂ ಕೇಳಲಿಲ್ಲ. ಯೋಚನೆ ಮಾಡಿ ಹೇಳುತ್ತೇನೆ ಅಂತ ಎದ್ದು ಬಂದೆ. ಆಮೇಲೆ ಒಂದು ತಿಂಗಳು ದಿನಕ್ಕೆರಡು ಫೋನ್. ಪ್ರತಿ ಫೋನಿಗೂ ರೇಟು ಇಳಿಯುತ್ತಿತ್ತು. ಕೊನೆಗೆ ನಂಬರ್ ಬ್ಲಾಕ್ ಮಾಡಿದೆ.

ಎರಡನೆಯದು ಹೈದರಾಬಾದ್. ನಮ್ಮ ಕಡೆಯವರಿಗೆ ಹೈದರಾಬಾದ್ ಎಂದರೆ ಒಂದು ನಂಬಿಕೆ, ಅಲ್ವಾ? ರಾಯಚೂರಿನವರಂತೂ ಏನೇ ಆದರೂ ಅಲ್ಲಿಗೇ ಹೋಗುತ್ತಾರೆ. ನನಗೂ ರಾಯಚೂರಿನ ಒಬ್ಬ ಬಟ್ಟೆ ವ್ಯಾಪಾರಿಯೇ ಇದನ್ನು ಹೇಳಿದ್ದು. ಅಲ್ಲಿ ಡಾಕ್ಟರ್ ಸಿಕ್ಕರು, ಚೆನ್ನಾಗಿ ಮಾತಾಡಿದರು, 2,800 ಗ್ರಾಫ್ಟ್ ಅಂದರು, ಆರು ವಾರ ಕಾಯಬೇಕು ಅಂದರು. ನನಗೆ ಖುಷಿಯಾಯಿತು. ಕಾಯಿಸುತ್ತಾರೆ ಎಂದರೆ ಕೈ ಒಳ್ಳೆಯದಿರಬೇಕು, ಜನ ಜಾಸ್ತಿ ಬರುತ್ತಿರಬೇಕು ಅಂದುಕೊಂಡೆ. 20,000 ಅಡ್ವಾನ್ಸ್ ಕಟ್ಟಿ ಬಂದೆ. ರಸೀದಿಯಲ್ಲಿ ಅಡ್ವಾನ್ಸ್ ಅಂತ ಮಾತ್ರ ಇತ್ತು. ವಾಪಸ್ ಕೊಡುವ ಬಗ್ಗೆ ಒಂದು ಸಾಲೂ ಇರಲಿಲ್ಲ, ನಾನೂ ಕೇಳಲಿಲ್ಲ.

ಏಪ್ರಿಲ್ ಕೊನೆಯ ವಾರಕ್ಕೆ ಡೇಟ್ ಇತ್ತು. ಎರಡು ದಿನ ಮೊದಲು ಫೋನ್ ಬಂತು, ಮೇ ಹತ್ತಕ್ಕೆ ಹಾಕಿದ್ದೇವೆ ಅಂತ. ಸರಿ ಅಂದೆ. ಮೇ ಎಂಟಕ್ಕೆ ಮತ್ತೆ ಫೋನ್, ಜೂನ್ ಮೊದಲ ವಾರಕ್ಕೆ ಹಾಕಿದ್ದೇವೆ. ಬಸ್ ಟಿಕೆಟ್ ಆಗಿತ್ತು, ಯೂನಿಟ್ ನೋಡಿಕೊಳ್ಳಲು ಭಾವನನ್ನು ಹೊಸಪೇಟೆಯಿಂದ ಕರೆಸಿದ್ದೆ. ಸ್ವಲ್ಪ ಗಟ್ಟಿಯಾಗಿ ಕೇಳಿದ ಮೇಲೆ ಫೋನಿನಲ್ಲಿದ್ದ ಹುಡುಗ ನಿಜ ಹೇಳಿದ. ಡಾಕ್ಟರ್ ಮೂರು ಬ್ರಾಂಚ್‌ಗೆ ಓಡಾಡುತ್ತಾರೆ, ಅವರು ಇಲ್ಲಿಗೆ ಬರುವ ದಿನ ನಾಲ್ಕು ಪೇಷಂಟ್ ಒಟ್ಟಿಗೆ ಇಡುತ್ತೇವೆ, ನಿಮ್ಮ ದಿನ ಮೂವರೇ ಆಗಿದ್ದರು ಅಂತ. ಅಂದರೆ ನಾಲ್ಕನೆಯವನು ಸಿಗುವ ತನಕ ನಾವು ಮೂವರೂ ಕಾಯಬೇಕು! ಹಾಗಾದರೆ ಡಾಕ್ಟರ್ ಒಬ್ಬರು ನಾಲ್ಕು ತಲೆಗೆ ಹೇಗೆ ಮಾಡುತ್ತಾರೆ ಅಂತ ಕೇಳಿದೆ. ಟೀಮ್ ಇದೆ ಸರ್ ಅಂದ.

ಈ ಟೀಮ್ ಅನ್ನುವ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ. ಈಗ ಹೆಚ್ಚಿನ ಕಡೆ ಮಾಡುವುದು ಎಫ್‌ಯುಇ. ಹಿಂದಲೆಯಿಂದ ಒಂದೊಂದೇ ಬೇರನ್ನು ಒಂದು ಮಿಲಿಮೀಟರ್‌ಗೂ ಸಣ್ಣ ಬಾಯಿಯ ಪಂಚ್‌ನಲ್ಲಿ ಬಿಡಿಸಿ ತೆಗೆಯುತ್ತಾರೆ. ಅದನ್ನೇ ಗ್ರಾಫ್ಟ್ ಅನ್ನುವುದು, ಒಂದರಲ್ಲಿ ಒಂದರಿಂದ ನಾಲ್ಕು ಕೂದಲು ಇರುತ್ತವೆ. ಆಮೇಲೆ ಮುಂದಲೆಯಲ್ಲಿ ಸಣ್ಣ ಸಣ್ಣ ಸೀಳು ಮಾಡಿ ಒಂದೊಂದನ್ನೇ ಕೂರಿಸುತ್ತಾರೆ. ನನಗೆ ಕೊನೆಗೆ ಹಾಕಿದ್ದು 2,100. ತೆಗೆಯುವುದಕ್ಕೇ ಮೂರೂಕಾಲು ಗಂಟೆ ಹಿಡಿಯಿತು. ಲೆಕ್ಕ ಹಾಕಿದರೆ ಒಂದಕ್ಕೆ ಐದಾರು ಸೆಕೆಂಡ್, ಕೈ ನಿಲ್ಲದೆ. ಈ ವೇಗದಲ್ಲಿ ಒಬ್ಬ ಡಾಕ್ಟರ್ ನಾಲ್ಕು ರೂಮಿನಲ್ಲಿ ನಾಲ್ವರಿಗೆ ಮಾಡಲು ಸಾಧ್ಯವೇ ಇಲ್ಲ. ನಮ್ಮ ಕೆಲಸದಲ್ಲೇ ನೋಡಿ, ಒಬ್ಬ ಕಟಿಂಗ್ ಮಾಸ್ಟರ್ ಒಂದೇ ಹೊತ್ತಿಗೆ ನಾಲ್ಕು ಯೂನಿಟ್‌ನಲ್ಲಿ ಬಟ್ಟೆ ಕತ್ತರಿಸಲು ಆಗುತ್ತಾ? ಬೋರ್ಡಿನಲ್ಲಿ ಅವನ ಹೆಸರಿರಬಹುದು, ಕತ್ತರಿ ಹಿಡಿದವರು ಬೇರೆ ಇರುತ್ತಾರೆ. ಬಟ್ಟೆ ಹಾಳಾದರೆ ಇನ್ನೊಂದು ಥಾನ್ ತರಬಹುದು. ಹಿಂದಲೆಯ ಬೇರು ಒಮ್ಮೆ ತೆಗೆದರೆ ಆ ಜಾಗದಲ್ಲಿ ಮತ್ತೆ ಹುಟ್ಟುವುದಿಲ್ಲ. ಇರುವ ಸ್ಟಾಕೇ ಅಷ್ಟು.

ಯಾರು ಮಾಡಬೇಕು ಅನ್ನುವುದಕ್ಕೆ ನಿಯಮವೂ ಇದೆ. ದೆಹಲಿಯಲ್ಲಿ ಕೂದಲು ಕಸಿ ಮಾಡಿಸಿಕೊಂಡ ಯುವಕನೊಬ್ಬ ತೀರಿಕೊಂಡು, ಆ ವಿಷಯ ಹೈಕೋರ್ಟಿಗೆ ಹೋಗಿತ್ತು. 2022ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಮಾರ್ಗಸೂಚಿ ಹೊರಡಿಸಿತು. ಸರಿಯಾದ ಸರ್ಜರಿ ತರಬೇತಿ ಇರುವ ನೋಂದಾಯಿತ ವೈದ್ಯರೇ ಇದನ್ನು ಮಾಡಬೇಕು, ವರ್ಕ್‌ಶಾಪ್‌ಗೆ ಹೋಗಿದ್ದೆ, ಯೂಟ್ಯೂಬ್ ನೋಡಿ ಕಲಿತೆ ಅಂದರೆ ಸಾಲದು ಅಂತ ಅದರಲ್ಲಿ ಸ್ಪಷ್ಟವಾಗಿದೆ. ಇದು ಎಮರ್ಜೆನ್ಸಿ ಆಪರೇಷನ್ ಅಲ್ಲ ಅಂತಲೂ ಇದೆ. ಆ ಮಾತು ನನಗೆ ತುಂಬ ಹಿಡಿಸಿತು. ಅರ್ಜೆಂಟೇ ಇಲ್ಲದ ಕೆಲಸಕ್ಕೆ ಶುಕ್ರವಾರವೇ ಬನ್ನಿ ಅಂತ ಯಾಕೆ ಒತ್ತಾಯ ಮಾಡಬೇಕು ಹೇಳಿ.

ಹೈದರಾಬಾದ್ ಕ್ಯಾನ್ಸಲ್ ಮಾಡಿದೆ. ದುಡ್ಡು ವಾಪಸ್ ಬರಲು ಹನ್ನೊಂದು ವಾರ ಹಿಡಿಯಿತು, ಅದೂ ಇಪ್ಪತ್ತರಲ್ಲಿ ಮೂರು ಸಾವಿರ ಕನ್ಸಲ್ಟೇಷನ್ ಅಂತ ಹಿಡಿದುಕೊಂಡರು. ಆ ಹನ್ನೊಂದು ವಾರದಲ್ಲಿ ಎಷ್ಟು ಫೋನ್ ಮಾಡಿದೆನೋ ಲೆಕ್ಕವಿಲ್ಲ. ಅಡ್ವಾನ್ಸ್ ಕೊಡುವ ಮೊದಲು ಎರಡು ಸಾಲು ಬರೆಸಿಕೊಳ್ಳಿ: ಡೇಟ್ ಅವರು ಮುಂದೆ ಹಾಕಿದರೆ ಪೂರ್ತಿ ವಾಪಸ್, ಎಷ್ಟು ದಿನದೊಳಗೆ ವಾಪಸ್. ಬರೆದು ಕೊಡಲ್ಲ ಅಂದರೆ ಅಲ್ಲಿಂದ ಎದ್ದು ಬನ್ನಿ.

ಬಳ್ಳಾರಿಯ ಡಾಕ್ಟರ್ ಬಗ್ಗೆ ಹೇಳಿದ್ದು ನಮ್ಮ ಅತ್ತಿಗೆ. ಮುಖದ ಬಂಗಿಗೆ ಅವರ ಹತ್ತಿರ ತೋರಿಸುತ್ತಿದ್ದರು. ನೀನು ಬೆಂಗಳೂರು, ಹೈದರಾಬಾದ್ ಅಂತ ತಿರುಗುತ್ತೀಯಲ್ಲ, ನಮ್ಮ ಡಾಕ್ಟರೇ ಕೂದಲು ಹಾಕುತ್ತಾರೆ, ಹೊರಗೆ ಬೋರ್ಡ್ ಇಲ್ಲ ಅಷ್ಟೇ ಅಂದರು. ಚರ್ಮರೋಗದಲ್ಲಿ ಎಂಡಿ ಮಾಡಿದವರು. ಗೋಡೆಯ ಮೇಲೆ ಡಿಗ್ರಿ, ಪಕ್ಕದಲ್ಲಿ ಕೆಪಿಎಂಇ ಸರ್ಟಿಫಿಕೇಟ್. ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್ ನಡೆಸಲು ಆ ನೋಂದಣಿ ಇರಲೇಬೇಕು, ಕಾಣುವ ಹಾಗೆ ತೂಗುಹಾಕಿರಬೇಕು. ನೀವು ಹೋದಲ್ಲೂ ಮೊದಲು ಅದನ್ನು ಹುಡುಕಿ.

ಈ ಕ್ಲಿನಿಕ್‌ನ ತಪ್ಪನ್ನೂ ಹೇಳಿಬಿಡುತ್ತೇನೆ. ಒಪಿಡಿಯಲ್ಲಿ ಕಾಯುವುದು ಬಹಳ ಕಷ್ಟ. ಸಂಜೆ ಐದಕ್ಕೆ ಅಂತ ಟೋಕನ್ ಕೊಡುತ್ತಾರೆ, ಒಳಗೆ ಕರೆಯುವುದು ಆರೂವರೆ, ಏಳು. ಕುರ್ಚಿ ಹನ್ನೆರಡು, ಜನ ಮೂವತ್ತು. ಮೇ ತಿಂಗಳಲ್ಲಿ ಬಳ್ಳಾರಿಯ ಸಂಜೆ ಹೇಗಿರುತ್ತದೆ ಗೊತ್ತಲ್ಲ, ಗೋಡೆಯೇ ಕಾದಿರುತ್ತದೆ. ಎರಡು ಫ್ಯಾನ್, ಅದರಲ್ಲಿ ಒಂದು ನಿಧಾನ. ಮಕ್ಕಳನ್ನು ಎತ್ತಿಕೊಂಡು ನಿಂತ ಹೆಂಗಸರು, ಊರಿಂದ ಬಸ್ಸಿಗೆ ಬಂದ ವಯಸ್ಸಾದವರು ಎಲ್ಲರೂ ಒಂದೇ ಹಾಲ್‌ನಲ್ಲಿ. ಫೋನ್ ಮಾಡಿದರೆ ಎತ್ತುವುದಿಲ್ಲ, ಬಂದೇ ಕೇಳಬೇಕು. ಇದನ್ನು ಅವರು ಸರಿ ಮಾಡಿಕೊಳ್ಳಲೇಬೇಕು, ಅವರಿಗೂ ನೇರವಾಗಿ ಹೇಳಿದ್ದೇನೆ. ಟೋಕನ್‌ಗೆ ಒಂದು ಮೆಸೇಜ್ ಕಳಿಸುವ ವ್ಯವಸ್ಥೆ ಮಾಡಿದರೆ ಸಾಕು, ಅರ್ಧ ಜನ ಹೊರಗೆ ಟೀ ಕುಡಿದು ಬರುತ್ತಾರೆ.

ಆದರೆ ಒಳಗೆ ಹೋದ ಮೇಲೆ ಡಾಕ್ಟರ್ ಇಪ್ಪತ್ತೈದು ನಿಮಿಷ ಕೊಟ್ಟರು. ಹಣೆ, ನೆತ್ತಿ, ಹಿಂದಲೆ ಮೂರೂ ಕಡೆ ಒಂದು ಸಣ್ಣ ಕ್ಯಾಮೆರಾ ಇಟ್ಟು ಕಂಪ್ಯೂಟರ್‌ನಲ್ಲಿ ತೋರಿಸಿದರು. ಹಿಂದಲೆಯ ಕೂದಲು ನಾರಿನಂತೆ ದಪ್ಪ, ಹಣೆಯ ಹತ್ತಿರ ಒಂದು ದಪ್ಪ, ಪಕ್ಕದಲ್ಲೇ ಎರಡು ಎಳೆ ರೇಷ್ಮೆಯಷ್ಟು ಸಣ್ಣ. ಈ ಸಣ್ಣಗಾದವು ಇನ್ನೂ ಬದುಕಿವೆ, ಔಷಧಿಯಿಂದ ಇವುಗಳಲ್ಲಿ ಎಷ್ಟು ವಾಪಸ್ ಬರುತ್ತವೆ ನೋಡಬೇಕು, ಅದಕ್ಕೆ ಆರು ತಿಂಗಳು ಬೇಕು, ಅಲ್ಲಿಯ ತನಕ ನಾನು ಮುಟ್ಟುವುದಿಲ್ಲ ಅಂದರು. ನನ್ನ ಮುಖ ಸಪ್ಪಗಾಗಿದ್ದು ಅವರಿಗೆ ಕಂಡಿರಬೇಕು. ಈಗಲೇ ಹಾಕಿದರೆ ಏನಾಗುತ್ತದೆ ಗೊತ್ತಾ ಅಂತ ಪೇಪರ್ ಮೇಲೆ ಚಿತ್ರ ಬರೆದರು. ಮುಂದೆ ಹಾಕಿದ ಸಾಲು ಹಾಗೇ ನಿಲ್ಲುತ್ತದೆ, ಯಾಕೆಂದರೆ ಅದು ಹಿಂದಲೆಯ ಕೂದಲು, ಎಲ್ಲಿ ನೆಟ್ಟರೂ ಅದರ ಗುಣ ಬಿಡುವುದಿಲ್ಲ. ಅದರ ಹಿಂದಿರುವ ಹಳೆ ಕೂದಲು ಮಾತ್ರ ಉದುರುತ್ತಾ ಹೋಗುತ್ತದೆ. ನಾಲ್ಕು ವರ್ಷಕ್ಕೆ ಮುಂದೊಂದು ಬೇಲಿ, ಹಿಂದೆ ಬಯಲು. ಆ ಚಿತ್ರ ಇವತ್ತಿಗೂ ನನ್ನ ಫೈಲ್‌ನಲ್ಲಿದೆ.

ರಕ್ತ ಪರೀಕ್ಷೆ ಬರೆದರು. ಹಚ್ಚಿಕೊಳ್ಳಲು ಮಿನಾಕ್ಸಿಡಿಲ್, ನುಂಗಲು ಫಿನಾಸ್ಟರೈಡ್ 1 ಮಿಲಿಗ್ರಾಂ. ಮೊದಲ ಒಂದೆರಡು ತಿಂಗಳು ಮಿನಾಕ್ಸಿಡಿಲ್‌ನಿಂದ ಕೂದಲು ಇನ್ನೂ ಜಾಸ್ತಿ ಉದುರಬಹುದು, ಹೆದರಿ ಬಿಡಬೇಡಿ ಅಂತ ಮೊದಲೇ ಹೇಳಿದರು. ಮಾತ್ರೆಯಿಂದ ಕೆಲವರಿಗೆ ಗಂಡ ಹೆಂಡತಿಯ ವಿಷಯದಲ್ಲಿ ಆಸಕ್ತಿ ಕಡಿಮೆಯಾಗಬಹುದು, ಹಾಗಾದರೆ ನಾಚಿಕೊಳ್ಳದೆ ಬಂದು ಹೇಳಿ ಅಂದರು. ಮನೆಯಲ್ಲಿ ಯಾರ್ಯಾರಿದ್ದಾರೆ ಅಂತ ಕೇಳಿದರು. ಹೆಂಡತಿ ಆಗ ನಾಲ್ಕು ತಿಂಗಳ ಗರ್ಭಿಣಿ. ಹಾಗಾದರೆ ಈ ಮಾತ್ರೆ ಒಡೆದಿದ್ದರೆ, ಪುಡಿಯಾಗಿದ್ದರೆ ಅವರು ಕೈಯಲ್ಲಿ ಮುಟ್ಟಲೇಬಾರದು, ಬೇರೆ ಡಬ್ಬಿಯಲ್ಲಿ ಮೇಲೆ ಇಡಿ ಅಂದರು. ಬೆಂಗಳೂರಿನಲ್ಲಿ ಐದು ನಿಮಿಷಕ್ಕೆ ತಾರೀಖು ಕೊಟ್ಟವರು ನನಗೆ ಮದುವೆಯಾಗಿದೆಯಾ ಅಂತಲೂ ಕೇಳಿರಲಿಲ್ಲ. ಅವತ್ತೇ ನಾನು ನಿರ್ಧಾರ ಮಾಡಿದೆ, ಎಷ್ಟು ದಿನವಾದರೂ ಸರಿ, ಇಲ್ಲೇ ಅಂತ. ಈ ಔಷಧಿಗಳನ್ನು ನನ್ನ ಮಾತು ಓದಿ ಮೆಡಿಕಲ್‌ನಲ್ಲಿ ತಗೊಳ್ಳಬೇಡಿ, ದಯವಿಟ್ಟು.

ಡೇಟ್ ಹೇಗೆ ಕೊಡುತ್ತೀರಿ ಅಂತ ಕೇಳಿದೆ. ಬುಧವಾರ, ಶನಿವಾರ ಮಾತ್ರ ಕಸಿ ಮಾಡುತ್ತೇನೆ, ದಿನಕ್ಕೆ ಒಬ್ಬರೇ, ಆ ದಿನ ಒಪಿಡಿ ಇಲ್ಲ ಅಂದರು. ಅಂದರೆ ತಿಂಗಳಿಗೆ ಎಂಟು ಜನ. ಇದು ಯಾರಿಗಾದರೂ ಅರ್ಥವಾಗುವ ಲೆಕ್ಕ. ಹದಿನಾರು ಜನ ಸಾಲಿನಲ್ಲಿದ್ದರೆ ಎರಡು ತಿಂಗಳು. ಹೀಗೆ ಬಿಡಿಸಿ ಹೇಳಲು ಬರುವ ಕ್ಲಿನಿಕ್ ಆದರೆ ಕಾಯಬಹುದು. ಹೈದರಾಬಾದಿನವರ ಆರು ವಾರಕ್ಕೆ ಇಂಥ ಲೆಕ್ಕವೇ ಇರಲಿಲ್ಲ.

ನನಗೆ ಇನ್ನೂ ಒಂದು ಅನುಕೂಲವಾಯಿತು. ದಸರಾ ದೀಪಾವಳಿ ಮುಂಚೆ ಎರಡು ತಿಂಗಳು ನಮ್ಮ ಯೂನಿಟ್‌ನಲ್ಲಿ ಉಸಿರಾಡಲು ಪುರುಸೊತ್ತಿರುವುದಿಲ್ಲ. ಬೇಸಿಗೆಯಲ್ಲಿ ಮಾಡಿಸಿದರೆ ಬಿಸಿಲು ತಲೆಗೆ ಬೀಳಬಾರದು, ಬೆವರು ನಿಲ್ಲಬಾರದು, ನಮ್ಮೂರಲ್ಲಿ ಅದು ಆಗುವ ಮಾತಾ? ಡಾಕ್ಟರೇ ಹೇಳಿದರು, ನವೆಂಬರ್ ಕೊನೆಗೆ ಇಟ್ಟುಕೊಳ್ಳೋಣ, ಆರು ತಿಂಗಳೂ ಆಗುತ್ತದೆ, ಬಿಸಿಲೂ ಇಳಿದಿರುತ್ತದೆ. ನಮ್ಮ ಕಡೆ ಮಾಡಿಸುವವರು ಮಾರ್ಚ್‌ನಿಂದ ಮೇ ಬಿಟ್ಟು ಇಟ್ಟುಕೊಂಡರೆ ಒಳ್ಳೆಯದು ಅಂತ ನನ್ನ ಅನುಭವದ ಮೇಲೆ ಹೇಳುತ್ತೇನೆ.

ಆಗಸ್ಟ್ ಕೊನೆಗೆ ಮೂರು ತಿಂಗಳ ಚೆಕಪ್‌ಗೆ ಹೋದಾಗ ನಡೆದದ್ದನ್ನು ಬರೆಯಲೇಬೇಕು. ಪಕ್ಕದ ಕುರ್ಚಿಯಲ್ಲಿ ಗಂಗಾವತಿಯ ಒಬ್ಬ ಹುಡುಗ, ಜೊತೆಗೆ ಅವರಮ್ಮ. ಇಪ್ಪತ್ತೆಂಟು ಇರಬಹುದು, ರೈಸ್ ಮಿಲ್‌ನಲ್ಲಿ ಲೆಕ್ಕ ಬರೆಯುವ ಕೆಲಸ. ನವೆಂಬರ್ ಕೊನೆಗೆ ಮದುವೆ. ಅಷ್ಟರೊಳಗೆ ಕೂದಲು ಹಾಕಿಸಬೇಕು ಅಂತ ಬಂದಿದ್ದ. ಒಂದೂವರೆ ಗಂಟೆ ಒಟ್ಟಿಗೆ ಕಾದೆವು. ಹಿಂದೆ ಒಂದು ಹುಡುಗಿ ಮನೆಯವರು ಬಂದು ನೋಡಿ ಹೋಗಿ, ಹುಡುಗನಿಗೆ ವಯಸ್ಸು ಜಾಸ್ತಿ ಕಾಣುತ್ತದೆ ಅಂದುಬಿಟ್ಟಿದ್ದರಂತೆ. ಅದನ್ನು ಹೇಳುವಾಗ ಅವನು ತಲೆ ಎತ್ತಲಿಲ್ಲ. ಅವರಮ್ಮ ಸೆರಗಿನಲ್ಲಿ ಗಂಟು ಕಟ್ಟಿಕೊಂಡಿದ್ದ ಟೋಕನ್ ಚೀಟಿಯನ್ನು ಬಿಚ್ಚಿ ಬಿಚ್ಚಿ ನೋಡುತ್ತಿದ್ದರು.

ಒಳಗಿಂದ ಬಂದಾಗ ಅವನ ಮುಖ ಕೆಂಪಗಿತ್ತು. ಆಗಲ್ಲ ಅಂದ್ರಣ್ಣ ಅಂದ. ಡಾಕ್ಟರ್ ಹೇಳಿದ್ದೇನೆಂದರೆ, ಹಾಕಿದ ಕೂದಲು ಎರಡು ಮೂರು ವಾರದಿಂದ ಉದುರಲು ಶುರುವಾಗುತ್ತದೆ, ಬೇರು ಮಾತ್ರ ಒಳಗಿರುತ್ತದೆ, ಹೊಸದು ಕಾಣಿಸುವುದು ಮೂರು ನಾಲ್ಕು ತಿಂಗಳ ಮೇಲೆ. ಸುತ್ತಲಿನ ಹಳೆ ಕೂದಲೂ ಶಾಕ್‌ಗೆ ಸ್ವಲ್ಪ ಉದುರಬಹುದು. ನಿಮ್ಮ ಮದುವೆ ಬರುವುದು ಸರಿಯಾಗಿ ಮೂರನೇ ತಿಂಗಳಿಗೆ, ಆಗ ಈಗಿಗಿಂತ ಕಮ್ಮಿ ಕಾಣುತ್ತದೆ. ಮಗಾ, ಇವರು ದುಡ್ಡು ಬೇಡ ಅಂತಿದ್ದಾರೆ ಅಂದರೆ ಕೇಳು ಅಂತ ಅವರಮ್ಮ ಅಂದರು. ಮೂರು ತಿಂಗಳಲ್ಲಿ ಮದುವೆ ಇದೆ ಅಂತ ಹೇಳಿಯೂ ಡೇಟ್ ಕೊಡುವ ಕ್ಲಿನಿಕ್ ಇದ್ದರೆ, ಅವರಿಗೆ ಆ ಹುಡುಗನ ಮದುವೆ ಫೋಟೋ ಬಗ್ಗೆ ಒಂದಿಷ್ಟೂ ಕಾಳಜಿ ಇಲ್ಲ ಅಂತಲೇ ಅರ್ಥ. ನೀವು ಮದುವೆಗೆ ಅಂತ ಮಾಡಿಸುವುದಾದರೆ ಒಂದು ವರ್ಷ ಮೊದಲು ಮಾಡಿಸಿ. ನೆತ್ತಿಗೆ ಹಾಕಿಸುವುದಾದರೆ ಇನ್ನೂ ತಡ, ಒಂದೂವರೆ ವರ್ಷವೂ ಆಗುತ್ತದೆ.

ನವೆಂಬರ್‌ಗೆ ಮತ್ತೆ ಕ್ಯಾಮೆರಾ ಇಟ್ಟು ನೋಡಿದರು. ಮಧ್ಯದ ಸಣ್ಣ ಕೂದಲು ಎಷ್ಟೋ ದಪ್ಪಗಾಗಿತ್ತು. ಅದಕ್ಕೇ 2,100 ಸಾಕು ಅಂದರು, ಮುಂದೆ ಬೇಕಾದರೆ ಹಿಂದಲೆಯಲ್ಲಿ ಇರಲಿ ಅಂತ. 3,500 ಎಲ್ಲಿ, 2,100 ಎಲ್ಲಿ! ಗ್ರಾಫ್ಟ್‌ಗೆ 40 ರೂಪಾಯಿಯಂತೆ 84,000, ಮೇಲೆ ಶೇಕಡಾ 18 ಜಿಎಸ್‌ಟಿ 15,120, ಒಟ್ಟು 99,120. ಆಸ್ಪತ್ರೆ ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ, ಇದಕ್ಕೆ ಯಾಕೆ ಅಂತ ಕೇಳಿದೆ. ಆ ವಿನಾಯಿತಿಯಿಂದ ಹೇರ್ ಟ್ರಾನ್ಸ್‌ಪ್ಲಾಂಟನ್ನು ಕಾನೂನಿನಲ್ಲೇ ಹೊರಗಿಟ್ಟಿದ್ದಾರೆ. ಆದ್ದರಿಂದ ರೇಟು ಹೋಲಿಸುವಾಗ ತೆರಿಗೆ ಸೇರಿಸಿಯಾ ಬಿಟ್ಟಾ ಅಂತ ಕೇಳಿ, ಬಿಲ್ ತಗೊಳ್ಳಿ. ಬೇರೆ ಕಡೆ ಇದಕ್ಕಿಂತ ಅಗ್ಗಕ್ಕೂ ಸಿಗುತ್ತದೆ, ದುಬಾರಿಗೂ ಸಿಗುತ್ತದೆ.

ನವೆಂಬರ್ 29, ಬುಧವಾರ. ಬೆಳಗ್ಗೆ ಏಳೂವರೆಗೆ ಹೋದೆ. ಹಾಲ್ ಖಾಲಿ, ಆ ಹನ್ನೆರಡು ಕುರ್ಚಿಯಲ್ಲಿ ನಾನೊಬ್ಬನೇ. ಡಾಕ್ಟರ್ ಪೆನ್ಸಿಲ್‌ನಲ್ಲಿ ಹಣೆಯ ಗೆರೆ ಬರೆದು, ಕನ್ನಡಿ ಕೊಟ್ಟು, ಅಳಿಸಿ ಮತ್ತೆ ಬರೆದರು. ನಾನು ಇನ್ನೂ ಕೆಳಗೆ ಬೇಕು ಅಂದೆ, ಐವತ್ತು ವರ್ಷದ ಮುಖಕ್ಕೂ ಇದು ಒಪ್ಪಬೇಕಲ್ಲ ಅಂದರು. ತಲೆ ಮರಗಟ್ಟಿಸುವ ಇಂಜೆಕ್ಷನ್ ಇದೆಯಲ್ಲ, ಇಡೀ ದಿನದಲ್ಲಿ ನೋವಾಗಿದ್ದು ಅದೊಂದೇ. ಹತ್ತು ನಿಮಿಷ ಹಲ್ಲು ಕಚ್ಚಬೇಕು. ಆಮೇಲೆ ಬೋರಲು ಮಲಗಿ ಮೂರೂಕಾಲು ಗಂಟೆ.

ಮಧ್ಯೆ ಒಮ್ಮೆ ಎದ್ದು ಕೂತಾಗ ನರ್ಸ್ ಒಂದು ಗಾಜಿನ ತಟ್ಟೆ ತೋರಿಸಿದರು. ಕೆಳಗೆ ಐಸ್, ಮೇಲೆ ಸಲೈನ್‌ನಲ್ಲಿ ನೆನೆದ ಬಿಳಿ ಬಟ್ಟೆ, ಅದರ ಮೇಲೆ ನನ್ನ ಕೂದಲ ಬೇರುಗಳು, ಹತ್ತು ಹತ್ತರ ಸಾಲಾಗಿ. ಒಂದೊಂದರ ತುದಿಯಲ್ಲಿ ಎಳ್ಳಿಗಿಂತಲೂ ಸಣ್ಣ ಬಿಳಿ ಗಡ್ಡೆ. ಒಂಟಿ ಕೂದಲಿನವು ಬೇರೆ, ಜೋಡಿಯವು ಬೇರೆ, ಮೂರರವು ಬೇರೆ. ಒಂಟಿಯವು ಹಣೆಯ ಮೊದಲ ಸಾಲಿಗಂತೆ, ಇಲ್ಲದಿದ್ದರೆ ಗೊಂಬೆಯ ಕೂದಲಂತೆ ಕಾಣುತ್ತದೆ. ಗೋಡೆಯ ಬೋರ್ಡಿನಲ್ಲಿ ನೂರಾದಂತೆಲ್ಲ ಗೆರೆ ಎಳೆಯುತ್ತಿದ್ದರು, ನಮ್ಮಲ್ಲಿ ಬಂಡಲ್ ಎಣಿಸುವ ಹಾಗೇ. ನಾನೂ ಎಣಿಸಿದೆ, ಇಪ್ಪತ್ತೊಂದು ಗೆರೆ.

ದಿನಕ್ಕೆ ಒಬ್ಬರೇ ಯಾಕೆ ಅನ್ನುವುದಕ್ಕೆ ಉತ್ತರ ಆ ತಟ್ಟೆಯಲ್ಲಿತ್ತು. ತೆಗೆದ ಬೇರು ಮೈಯಿಂದ ಹೊರಗೆ ಇದ್ದಷ್ಟು ಹೊತ್ತೂ ಅದರ ಜೀವ ಇಳಿಯುತ್ತಿರುತ್ತದೆ, ತಣ್ಣಗೆ, ಒದ್ದೆಯಾಗಿ ಇಟ್ಟು ಬೇಗ ಬೇಗ ಕೂರಿಸಬೇಕು. ಡಾಕ್ಟರ್ ಪಕ್ಕದ ರೂಮಿನ ಇನ್ನೊಬ್ಬರ ತಲೆಗೆ ಹೋದರೆ ಇಲ್ಲಿ ತಟ್ಟೆ ಕಾಯುತ್ತದೆ. ಹೊರಗೆ ನಾವು ಆರು ತಿಂಗಳು ಕಾಯಬಹುದು, ಏನೂ ನಷ್ಟವಿಲ್ಲ. ಆ ತಟ್ಟೆ ಮಾತ್ರ ಕಾಯಬಾರದು. ನಾನು ನೋಡಿದ ಮಟ್ಟಿಗೆ ಹೆಚ್ಚಿನ ಬೇರು ತೆಗೆದವರು ಡಾಕ್ಟರೇ, ಸೀಳು ಪೂರ್ತಿ ಅವರೇ ಮಾಡಿದರು. ಕೂರಿಸುವಾಗ ಇಬ್ಬರು ಸಹಾಯಕರು ಕೂರಿಸಿದರು, ಡಾಕ್ಟರ್ ಅಲ್ಲೇ ಇದ್ದರು. ಎರಡು ಸಲ ಹತ್ತು ಹದಿನೈದು ನಿಮಿಷ ಹೊರಗೆ ಹೋಗಿದ್ದರು ಅಷ್ಟೇ. ಊಟಕ್ಕೆ ಮೊಸರನ್ನ ತರಿಸಿ ಕೊಟ್ಟರು. ಸಂಜೆ ಐದೂಕಾಲಿಗೆ ಮುಗಿಯಿತು.

ಆಮೇಲಿನ ದಿನಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಒಂದು ವಾರ ಒರಗಿಕೊಂಡೇ ನಿದ್ದೆ, ಗಂಟೆಗೊಮ್ಮೆ ಸಲೈನ್ ಸ್ಪ್ರೇ. ಮೂರನೇ ದಿನ ಹಣೆ ಊದಿ ಕಣ್ಣಿಗಿಳಿಯಿತು, ಎರಡು ದಿನದಲ್ಲಿ ಇಳಿಯಿತು. ಹನ್ನೆರಡನೇ ದಿನಕ್ಕೆ ಹಕ್ಕಳೆ ಎಲ್ಲ ಉದುರಿತು. ಎರಡು ವಾರ ಹೆಲ್ಮೆಟ್ ಹಾಕುವಂತಿರಲಿಲ್ಲ, ಬೈಕ್ ಮುಟ್ಟಲಿಲ್ಲ. ಐದನೇ ವಾರ ದಿಂಬಿನ ತುಂಬ ಕೂದಲು. ಗೊತ್ತಿದ್ದರೂ ಎದೆ ಝಲ್ಲೆಂದಿತು. ಮಗಳಿಗೆ ಆಗ ಎರಡು ತಿಂಗಳು, ರಾತ್ರಿ ಅವಳನ್ನು ಎತ್ತಿಕೊಂಡು ಓಡಾಡುವಾಗ ಕನ್ನಡಿ ಕಡೆ ನೋಡುತ್ತಿರಲಿಲ್ಲ. ಮಾರ್ಚ್‌ನಲ್ಲಿ ಗುಳ್ಳೆಗಳೆದ್ದವು, ಕೂದಲು ಚರ್ಮ ಒಡೆದು ಬರುವಾಗ ಹೀಗಾಗುತ್ತದೆ ಅಂತ ಒಂದು ಮುಲಾಮು ಕೊಟ್ಟರು. ಚೆಕಪ್‌ಗೆ ಫೀಸ್ ತಗೊಳ್ಳಲಿಲ್ಲ, ಕಾಯಿಸಿದ್ದು ಮಾತ್ರ ಅದೇ ಒಂದೂವರೆ ಗಂಟೆ. ಐದನೇ ತಿಂಗಳಿಗೆ ಎಳೆ ಕೂದಲು, ಎಂಟಕ್ಕೆ ಬಾಚಲು ಬಂತು. ಈಗ ಕ್ಷೌರದವನು ಬೈತಲೆ ಯಾವ ಕಡೆ ತೆಗೀಲಿ ಅಂತ ಕೇಳುತ್ತಾನೆ.

ಕಾಯಿಸುವುದರ ಬೆಲೆ ಇನ್ನೂ ಚೆನ್ನಾಗಿ ಗೊತ್ತಾಗಿದ್ದು ಕೊಪ್ಪಳದ ನಮ್ಮ ಸೋದರಮಾವನ ಮಗನಿಂದ. 2024ರ ಜುಲೈನಲ್ಲಿ ಅವನಿಗೆ ಡೆಂಗ್ಯೂ ಆಗಿತ್ತು. ಅಕ್ಟೋಬರ್‌ಗೆ ಹಿಡಿ ಹಿಡಿ ಕೂದಲು ಉದುರಲು ಶುರುವಾಯಿತು. ಗಾಬರಿಯಾಗಿ ಎಲ್ಲೋ ವಿಚಾರಿಸಿ, ಹತ್ತು ದಿನಕ್ಕೆ ಟ್ರಾನ್ಸ್‌ಪ್ಲಾಂಟ್ ಡೇಟ್ ತಗೊಂಡು ನನಗೆ ಫೋನ್ ಮಾಡಿದ. ಎಳೆದುಕೊಂಡು ನಮ್ಮ ಡಾಕ್ಟರ್ ಹತ್ತಿರ ಹೋದೆ. ದೊಡ್ಡ ಜ್ವರ ಬಂದ ಎರಡು ಮೂರು ತಿಂಗಳಿಗೆ ಹೀಗೆ ಉದುರುತ್ತದೆ, ಬೇರು ಸತ್ತಿಲ್ಲ, ತಾನಾಗಿಯೇ ಬರುತ್ತದೆ, ಹಿಮೋಗ್ಲೋಬಿನ್, ಥೈರಾಯ್ಡ್ ನೋಡೋಣ, ಊಟ ಸರಿಯಾಗಿ ಮಾಡಿ ಅಂತ ಕಳಿಸಿದರು. ಈಗ 2025ರ ಜನವರಿ. ಉದುರುವುದು ಬಹಳ ಕಡಿಮೆಯಾಗಿದೆ, ಹಣೆಯ ಅಂಚಿನಲ್ಲಿ ಸಣ್ಣ ಸಣ್ಣ ಹೊಸ ಕೂದಲು ನಿಂತಿವೆ. ಆ ಹತ್ತು ದಿನದ ಡೇಟ್‌ಗೆ ಹೋಗಿದ್ದರೆ ಬೇಡದ ಜಾಗಕ್ಕೆ ಹಿಂದಲೆ ಖಾಲಿ ಮಾಡಿಸಿಕೊಂಡು ಬರುತ್ತಿದ್ದ. ನೆನೆಸಿಕೊಂಡರೆ ಸಿಟ್ಟು ಬರುತ್ತದೆ.

ಆದ್ದರಿಂದ ಕ್ಲಿನಿಕ್‌ಗೆ ಹೋದಾಗ ಡೇಟ್ ಯಾವಾಗ ಅನ್ನುವ ಮೊದಲು ಬೇರೆ ಮಾತು ಕೇಳಿ. ದಿನಕ್ಕೆ ಎಷ್ಟು ಜನರಿಗೆ ಮಾಡುತ್ತೀರಿ, ಬೇರು ಯಾರು ತೆಗೆಯುತ್ತಾರೆ, ಸೀಳು ಯಾರು ಮಾಡುತ್ತಾರೆ, ಆ ದಿನ ಡಾಕ್ಟರ್ ಬೇರೆ ಊರಿಗೆ ಹೋಗುತ್ತಾರಾ, ನನಗೆ ಈಗಲೇ ಬೇಕಾ ಅಥವಾ ಔಷಧಿ ಮೊದಲಾ. ಉತ್ತರ ಕೊಡಬೇಕಾದವರು ಡಾಕ್ಟರ್. ಕೌಂಟರ್‌ನಲ್ಲಿ ಕೂತವರು ಕೊಟ್ಟ ಉತ್ತರವನ್ನು ನಾನು ಲೆಕ್ಕಕ್ಕೆ ಇಡುವುದಿಲ್ಲ.

ಕಳೆದ ತಿಂಗಳು ವರ್ಷದ ಚೆಕಪ್‌ಗೆ ಹೋಗಿದ್ದೆ. ಹಾಲ್‌ನಲ್ಲಿ ಯಾರೋ ಅಣ್ಣಾ ಅಂತ ಕರೆದರು. ಗಂಗಾವತಿಯ ಅದೇ ಹುಡುಗ, ಪಕ್ಕದಲ್ಲಿ ಹೆಂಡತಿ. ಮದುವೆ ಅದೇ ನವೆಂಬರ್‌ನಲ್ಲಿ ಆಯಿತಂತೆ. ಒಂದು ವರ್ಷದ ಮೇಲೆ ಔಷಧಿ ನಡೆದಿದೆ, ಉದುರುವುದು ನಿಂತಿದೆ, ಕಸಿ ಸದ್ಯಕ್ಕೆ ಬೇಡ, ಮುಂದಿನ ವರ್ಷ ನೋಡೋಣ ಅಂದಿದ್ದಾರಂತೆ ಡಾಕ್ಟರ್. ಮೊಬೈಲ್ ತೆಗೆದು ಮದುವೆ ಫೋಟೋ ತೋರಿಸಿದ. ಪೇಟ ಸುತ್ತಿದ್ದ, ಕೂದಲು ಕಾಣುತ್ತಲೇ ಇರಲಿಲ್ಲ. ಅವರ ಹೆಂಡತಿ ನಗುತ್ತಾ ಮೊಬೈಲ್ ಕಿತ್ತುಕೊಂಡು, ಅದು ಬೇಡ, ಇದು ಚೆನ್ನಾಗಿದೆ ನೋಡ್ರೀ ಅಣ್ಣಾ ಅಂತ ಹುಲಿಗಿಯಲ್ಲಿ ಹೊಳೆ ದಂಡೆಯ ಮೇಲೆ ಇಬ್ಬರೂ ನಿಂತ ಇನ್ನೊಂದು ಫೋಟೋ ತೆಗೆದರು. ಅಷ್ಟರಲ್ಲಿ ನನ್ನ ಟೋಕನ್ ಕರೆದರು. ಏಳು ಗಂಟೆ ಹತ್ತು ನಿಮಿಷ ಆಗಿತ್ತು.